ಕಿತ್ತೂರು ಮುಟ್ಟಿದ ಸೌಟು

ಆಯಿಯ ಹಿಮ್ಮಡಿಗಳು ಒಡೆದು ಬಿರುಕು ಬಿಟ್ಟಿದ್ದವು. ಆ ಬಿರುಕುಗಳಿಗೆ ಸದಾ ಅರಿಶಿನ ಮೆತ್ತಿರುತ್ತಿದ್ದಳು. ಅಂಥ ಕಾಲಿಗೆ ರಿಲೇ ಓಟದ ಕೊನೆಯ ಹಂತ ಓಡುವ ಮಾನ ಸಿಕ್ಕಿತು, ವ್ಯಾಯಾಮದ ಮಾಸ್ತರನಾದ ನನಗೆ ಅದರ ಹಿಂದಿನದು! ಹೊಟ್ಟೆ ಉರಿಯದೆ ಇನ್ನೇನು?

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಶಾಲೆಯಲ್ಲಿ, ಊರೆಲ್ಲ ಆಯಿ ಎಂದು ಕರೆಯುತ್ತಿದ್ದ ಅವಳು ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬಡಿಸುವಾಗ ಒಂದು ತಾಟು ಉಳಿದರೂ ಸೌಟು ಹಿಡಿದೇ ಆ ಮಗುವಿನ ಮನೆಗೆ ಹೊರಡುವಳು. "ತಾಟ ಖಾಲಿ ಕುಂತೈತಿ. ಕೂಸು ಎಲ್ಲೈತಿ?" ಎಂದು ಬಾಗಿಲಲ್ಲೇ ಕೇಳುವಳು. ನಾನು ಎಷ್ಟು ಸೀಟಿ ಊದಿದರೂ ಬಾರದ ಹುಡುಗರು ಅವಳ ಒಂದೇ ಕೂಗಿಗೆ ಓಡಿ ಬರುತ್ತಿದ್ದರು. ನನಗದನ್ನು ಸಹಿಸಲಾಗುತ್ತಿರಲಿಲ್ಲ.

ದುಡಿಮೆಗೆ ಬಿದ್ದ ಮಕ್ಕಳನ್ನು ಬಿಡಿಸುವ ಕೆಲಸಕ್ಕೆ ನೆರವು ಕೂಡಿಸಲು ಕಿತ್ತೂರಿನವರೆಗೆ ರಿಲೇ ಓಟ ಏರ್ಪಾಡಾಯಿತು. ತಂಡಕ್ಕೆ ನಾಲ್ವರು. ಕೋಲಿನ ಬದಲು ಆಯಿಯ ಸೌಟೇ ಇರಲಿ, ಕೊನೆಗೆ ಅವಳೇ ಓಡಲಿ ಎಂದು ಮಕ್ಕಳು ಹಟ ಹಿಡಿದರು. ಹೆಡ್‌ಮಾಸ್ತರರೂ ಹೂಂ ಅಂದರು. ತಿಂಗಳಿಡೀ ಆ ರಸ್ತೆಯಲ್ಲಿ ಬೆವರು ಸುರಿಸಿದವನು ನಾನು!

ನನ್ನ ಹಂತ ಮುಗಿಸಿ ಸೌಟು ಅವಳ ಕೈಗಿತ್ತು, ಟೆಂಪೋ ಹತ್ತಿ ಹಲ್ಲು ಕಡಿಯುತ್ತ ಅವಳ ಹಿಂದೆ ಹೊರಟೆ. ಒಂದು ಇಟ್ಟಂಗಿ ಭಟ್ಟಿಯ ಮುಂದೆ ಆಯಿ ಗಕ್ಕನೆ ನಿಂತಳು.

"ಏನಾತು ಆಯಿ? ಓಡು!"

"ನಮ್ಮ ಕೂಸು ಅಲ್ಲಿ ಇಟ್ಟಂಗಿ ಹೊರಾಕ ಹತ್ತೇತಿ, ನೋಡ್ರಿ ಮಾಸ್ತರ್ರ."

ಎರಡು ತಿಂಗಳಿಂದ ಮನೆಗೆ ಬೀಗ ಹಾಕಿ ಕಾಣೆಯಾಗಿದ್ದವರ ಮಗಳು, ನಮ್ಮ ಐದನೆಯ ತರಗತಿಯ ಹುಡುಗಿ. ತಿಂಗಳಿಡೀ ಅದೇ ಭಟ್ಟಿಯ ಮುಂದೆ ಓಡಿದ್ದೆ ನಾನು, ಕಣ್ಣು ಗಡಿಯಾರದ ಮೇಲೆ.

ಆಯಿ ಸೌಟನ್ನು ನನ್ನ ಕೈಗೆ ತುರುಕಿದಳು. "ನೀವ ಓಡ್ರಿ. ನಿಮಗ ಬೇಕಾಗಿತ್ತಲ್ಲ. ಕೂಸಿನ್ನ ಬಿಡೂತನಕ ನಾ ಇಲ್ಲಿಂದ ಏಳೂದಿಲ್ಲ."

ಓಡಿದೆ. ಕಿತ್ತೂರಿನಲ್ಲಿ ಹಾರ, ಚಪ್ಪಾಳೆ, ಫೋಟೋ ಎಲ್ಲ ಸಿಕ್ಕವು. ಒಂದೂ ರುಚಿಸಲಿಲ್ಲ. ತಿರುಗಿ ಬಂದಾಗ ಸುದ್ದಿ ತಿಳಿದು ಅಧಿಕಾರಿಗಳು ಭಟ್ಟಿಗೆ ಬಂದಿದ್ದರು. ಹುಡುಗಿ ಆಯಿಯ ಸೆರಗು ಹಿಡಿದು ನಿಂತಿದ್ದಳು. ಆ ಸೆರಗಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ!

ಹೋದ ವರ್ಷ ಆಯಿ ತೀರಿಕೊಂಡಳು. ಈಗ ಊಟದ ಹೊತ್ತಿಗೆ ಉಳಿದ ತಾಟುಗಳನ್ನು ನೋಡುವವನು ನಾನೇ. ಬಾರದ ಮಕ್ಕಳ ಮನೆಗೆ ಹೋಗಿ ಬಾಗಿಲು ಬಡಿಯುತ್ತೇನೆ. ಹೋದಲ್ಲೆಲ್ಲ ಅದೇ ಮಾತು: "ಆಯಿ ಹೇಳಿ ಹೋಗ್ಯಾಳೇನ್ರಿ ಮಾಸ್ತರ್ರ?"

ಆ ಹೊಟ್ಟೆಕಿಚ್ಚು ಇವತ್ತಿಗೂ ಆರಿಲ್ಲ. "ಹೌದ್ರಿ, ಆಯೀನ ನನ್ನ ಕಳಿಸ್ಯಾಳ" ಅನ್ನುತ್ತೇನೆ. ಮಗು ಒಳಗಿಂದ ಓಡಿ ಬರುತ್ತದೆ.