ತೊಂಬತ್ತು ದಾಟಿದರೆ ಹೊಸ ಕೂಲರ್

ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವುದು ಅಳಿಯಂದಿರ ಕಸುಬು. ಅತ್ತೆ ಬಂದು ಜೊತೆಗೆ ನೆಲೆಸಿದ ಮೇಲೆ ಅವರು ಇಡೀ ಬೀದಿಗೇ ಅಳಿಯಂದಿರು.

ಆ ಕಂಪ್ಯೂಟರಿನ ಪ್ರೊಸೆಸರ್ ಕಾಯದಂತೆ ನೀರು ಹರಿಸಿ ತಣಿಸುವ ಲಿಕ್ವಿಡ್ ಕೂಲರ್ ಒಂದು ಐದು ವರ್ಷದಿಂದ ತೆಪ್ಪಗೆ ದುಡಿಯುತ್ತಿತ್ತು. ಅಳಿಯಂದಿರ ಕಣ್ಣು ಮಾತ್ರ ಮೂರು ಫ್ಯಾನಿನ, ಬಣ್ಣಬಣ್ಣದ ದೀಪದ ಹೊಸ ಕೂಲರ್ ಮೇಲೆ ಬಿದ್ದು ಆರು ತಿಂಗಳಾಗಿತ್ತು. ಅದರ ಫೋಟೋ ನೋಡುತ್ತಾ ಚಹಾಕ್ಕೆ ಉಪ್ಪು ಬೆರೆಸಿಕೊಂಡು ಕುಡಿದದ್ದೂ ಉಂಟು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. "ಜ್ವರ ನೋಡದೆ ನಾನು ಔಷಧಿ ಕೊಡಲ್ಲ ರೀ. ಭಾನುವಾರ ನನ್ನ ಕಣ್ಣೆದುರಿಗೆ ತೊಂಬತ್ತು ಡಿಗ್ರಿ ದಾಟಲಿ, ತಗೊಳ್ಳೋಣ. ದಾಟದಿದ್ರೆ ಮತ್ತೆ ಆ ಮಾತೆತ್ತಬಾರದು," ಅಂದಳು.

ಅಳಿಯಂದಿರು ಕುಣಿಯುವುದೊಂದು ಬಾಕಿ. ದೊಡ್ಡ ಚಿತ್ರವೊಂದನ್ನು ತಯಾರಾಗಲು ಬಿಟ್ಟು ಅರ್ಧ ಗಂಟೆ ಬೀದಿ ಸುತ್ತಿ ಬರುವುದು ಅವರ ಪದ್ಧತಿ. ಬಂದು ನೋಡಿದರೆ ಅಷ್ಟರಲ್ಲಿ ಏರಿದ್ದ ಬಿಸಿ ಪರದೆಯ ಮೂಲೆಯಲ್ಲಿ ದಾಖಲಾಗಿರುತ್ತಿತ್ತು. ದಿನವೂ ತೊಂಬತ್ಮೂರು.

ಭಾನುವಾರ ಖುಷಿಗೆ ಕಾಲು ನಿಲ್ಲಲಿಲ್ಲ. ಬೀದಿಯ ತುದಿಯಿಂದಲೇ ಹಿಂದಿರುಗಿ, ಕಂಪ್ಯೂಟರಿನ ಬಿಸಿ ಮುಟ್ಟಿ ನೋಡಲು ಮೇಜಿನಡಿ ಬಗ್ಗಿದರು. ಕ್ಯಾಬಿನೆಟ್ಟಿನ ನೆತ್ತಿಯಲ್ಲಿ, ಬಿಸಿ ಗಾಳಿ ಹೊರಬರುವ ಜಾಲರಿಯ ತುಂಬ, ಹಿಂಡಿ ಹರವಿದ ಕಾಲುಚೀಲಗಳು. ಅತ್ತೆಯದೇ ಕೆಲಸ. ಬಿಸಿಲಿಗಿಂತ ಬೇಗ ಒಣಗುವ ಜಾಗವನ್ನು ಅವರು ಯಾವಾಗಲೋ ಕಂಡುಕೊಂಡಿದ್ದರು. ದಿನವೂ ಅಳಿಯಂದಿರು ಸುತ್ತಿ ಬರುವಷ್ಟರಲ್ಲಿ ಒಣಗಿಸಿ ತೆಗೆದುಬಿಡುತ್ತಿದ್ದರು.

ಕಾಲುಚೀಲಗಳನ್ನು ಬಾಚಿ ತೆಗೆದದ್ದೇ ತಡ, ಬಿಸಿ ಸರಸರನೆ ಅರವತ್ನಾಲ್ಕಕ್ಕೆ ಇಳಿಯಿತು. ಹಾಳಾದ ಹಳೆ ಕೂಲರ್ ಗುಂಡುಕಲ್ಲಿನಂತಿತ್ತು. ಅಷ್ಟರಲ್ಲಿ ಹೊರಗೆ ಹೆಂಡತಿಯ ಸ್ಕೂಟರ್ ಸದ್ದಾಯಿತು. ಅಳಿಯಂದಿರು ಅತ್ತಿತ್ತ ನೋಡಿ, ಕಾಲುಚೀಲಗಳನ್ನು ಕೈಗೆ ಸಿಕ್ಕ ಹಾಗೆ ಮತ್ತೆ ಜಾಲರಿಯ ಮೇಲೆ ಹೊದೆಸಿದರು. ನಾಚಿಕೆಯಾಯಿತು. ಅದಕ್ಕಿಂತ ಜಾಸ್ತಿ ನಗು ಬಂತು.

ಹೆಂಡತಿ ಬಂದು ಕೂತು ನೋಡುತ್ತಿದ್ದಂತೆ ತೊಂಬತ್ನಾಲ್ಕು. "ಪಾಪ, ನಿಜವಾಗ್ಲೂ ಸುಡ್ತಿದೆ," ಅಂದು ಅವಳೇ ಅಂಗಡಿಗೆ ಹೇಳಲು ಫೋನ್ ತೆಗೆದಳು.

ಆಗಲೇ ಅತ್ತೆ ಬಕೆಟ್ ಹಿಡಿದು ಬಂದರು. "ಅಳಿಯಂದ್ರೇ, ಸ್ವಲ್ಪ ಸರೀರಿ. ಒಣಗಿದ್ದು ತೆಗೀತೀನಿ." ಬಗ್ಗಿದವರು ಅಲ್ಲೇ ನಿಂತರು. "ಇದನ್ನ ಯಾರು ಮುಟ್ಟಿದ್ದು? ನಾನು ಜೋಡಿ ಜೋಡಿಯಾಗಿ ಹರವಿದ್ದೆ. ಈಗ ಕರೀದರ ಪಕ್ಕ ಬಿಳೀದು ಮಲಗಿದೆ."

ಹೆಂಡತಿ ಮೇಜಿನಡಿ ನೋಡಿದಳು, ಗಂಡನನ್ನು ನೋಡಿದಳು. ಅಳಿಯಂದಿರು ಕಿಟಕಿ ನೋಡಿದರು. ಅವಳು ಕಾಲುಚೀಲಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡು, ಪರದೆಯ ಅಂಕಿ ಇಳಿಯುತ್ತಾ ಹೋದದ್ದನ್ನು ಕಂಡು, ನೆಲದ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೋಗಿಗೆ ಕಂಬಳಿ ಹೊದೆಸಿ ಜ್ವರ ತೋರಿಸ್ತೀರಾ?"

ಹೊಸ ಕೂಲರ್ ಬರಲಿಲ್ಲ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಬಂತು. ಅಳಿಯಂದಿರು ಒಂದು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ಆ ಸ್ಟ್ಯಾಂಡಿಗೇ ಬಣ್ಣಬಣ್ಣದ ದೀಪದ ಸರ ಸುತ್ತಿದರು. ಈಗ ಅತ್ತೆ ಮೊದಲು ಸ್ವಿಚ್ ಹಾಕಿ, ಆಮೇಲೆ ಕಾಲುಚೀಲ ಹರವುತ್ತಾರೆ, ಜೋಡಿ ತಪ್ಪದಂತೆ.