ಊರಿನ ಹೆಸರು ಹೊತ್ತ ಜೇಡ

ಇಪ್ಪತ್ತು ವರ್ಷದಿಂದ ಗುಬ್ಬಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಆದರೆ ಪ್ರಾಣಭಯ ಬಂದಾಗ ಬಾಯಿಂದ ಹೊರಟದ್ದು ಎರಡೇ ಅಕ್ಷರ: "ಅವ್ವಾ!" ಅದೂ ಅಮೃತೂರಿನ ಅಕ್ಕನ ಹಿತ್ತಲಲ್ಲಿ, ಹಾಡುಹಗಲೇ, ನೆರೆಹೊರೆಯವರ ಎದುರಿಗೆ.

ರಜೆಗೆಂದು, ಮನೆಯಿರುವ ತುಮಕೂರಿನಿಂದ ಹೋಗಿದ್ದೆ. ನೀರೊಲೆಗೆ ತೆಂಗಿನ ಮಟ್ಟೆ ತರುತ್ತೇನೆಂದು ದೊಡ್ಡಸ್ತಿಕೆಯಿಂದ ರಾಶಿಗೆ ಕೈ ಹಾಕಿದೆ. ಬೆರಳಿಗೆ ಕೆಂಡ ತಗುಲಿದಂತಾಯಿತು. ಕೈ ಎಳೆದರೆ ಮಣಿಕಟ್ಟಿನ ಮೇಲೆ ಅಂಗೈಯಗಲದ, ಮೈತುಂಬ ರೋಮದ ಜೇಡ! ಕೊಡವಿದೆ, ಕುಣಿದೆ, ಕೂಗಿದೆ. ಅದು ನೆಲಕ್ಕೆ ಬಿದ್ದದ್ದೇ ಅಕ್ಕ ಬಕೆಟ್ ಕವುಚಿದಳು.

"ಟರಾಂಟುಲಾ! ಸಾಯಿಸಕ್ಕಾ ಅದನ್ನ!" ಎಂದೆ.

"ಮೊದ್ಲು ನಿನ್ನ ಉಳಿಸ್ಕಳಣ ಬುಡು," ಎಂದವಳೇ ಭಾವನನ್ನು ಕೂಗಿದಳು.

ಭಾವನ ಬೈಕಿನಲ್ಲಿ ಕುಣಿಗಲ್ ಸೇರುವಷ್ಟರಲ್ಲಿ ಕೈ ಊದಿತ್ತು. ಮನಸ್ಸಿನಲ್ಲಿ ನನ್ನ ತಿಥಿಯ ಅಡುಗೆಯೂ ಮುಗಿದಿತ್ತು.

ಡಾಕ್ಟರಮ್ಮ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಸಂಜೆವರೆಗೂ ಮಲಗಿಸಿಕೊಂಡರು. "ನೋವಿರುತ್ತೆ ಸರ್. ಪ್ರಾಣಕ್ಕೇನೂ ಆಗಲ್ಲ."

"ಟರಾಂಟುಲಾ ಮೇಡಂ ಅದು!"

"ಆ ಹೆಸರೇ ಅದರದ್ದಲ್ಲ ಸರ್," ಎಂದು ನಕ್ಕರು.

ಇಟಲಿಯಲ್ಲಿ ಟರಾಂಟೊ ಎಂಬ ಊರಿದೆಯಂತೆ. ಅಲ್ಲಿನ ಹೊಲದ ಜೇಡವೊಂದಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಅದು ಕಚ್ಚಿದವರು ದಣಿದು ಬೀಳುವವರೆಗೆ ಕುಣಿದರೆ ವಿಷ ಇಳಿಯುತ್ತದೆ ಎಂದು ಜನ ನಂಬಿದ್ದರಂತೆ. ಅಸಲಿಗೆ ಆ ಬಡಪಾಯಿಯ ವಿಷ ಅಷ್ಟೇನೂ ಘೋರವಲ್ಲ. ಮುಂದೆ ಯುರೋಪಿನವರು ದೂರದ ನಾಡುಗಳಲ್ಲಿ ಮೈತುಂಬ ರೋಮವಿರುವ ದೊಡ್ಡ ಜೇಡ ಕಂಡಾಗ ಅದಕ್ಕೂ ಅದೇ ಹೆಸರು ಹೊರಿಸಿದರು. ಹಕ್ಕಿಯ ಹೆಸರಿನ ಊರಲ್ಲಿ ಸಂಬಳ ತಿನ್ನುವ ನನಗೆ ಊರಿನ ಹೆಸರಿನ ಹುಳ ಹೊಸದು. ಕಚ್ಚಿಸಿಕೊಂಡದ್ದಕ್ಕಿಂತ ದೊಡ್ಡ ಆಘಾತ ಇದೇ: ಯಾರದೋ ಊರು, ಯಾರದೋ ಭಯ, ಅದನ್ನು ಹೊತ್ತು ಸಾಯಬೇಕಾದದ್ದು ಅಮೃತೂರಿನ ಮಟ್ಟೆರಾಶಿಯ ಪ್ರಾಣಿ. ಮರಣದಂಡನೆ ಕೊಟ್ಟವನು ನಾನು!

ಅಕ್ಕನಿಗೆ ಫೋನ್ ಮಾಡಿದೆ. "ಹೊಡೀಬೇಡ ಕಣಕ್ಕಾ."

"ಹೊಡ್ಯಕ್ಕೆ ಅಕ್ಕಪಕ್ಕದೋರೆಲ್ಲ ದೊಣ್ಣೆ ಹಿಡ್ಕಂಡು ನಿಂತವ್ರೆ. ಬೇಗ ಬಾ. ನೀನು ಬದ್ಕಿರೋದು ಕಂಡ್ರೆ ಸುಮ್ನಾಯ್ತಾರೆ."

ಹೋದೆವು. ಪಕ್ಕದ ಮನೆಯ ನಿಂಗಮ್ಮ ನನ್ನ ಊದಿದ ಕೈ ನೋಡಿ, ಮುಖ ನೋಡಿ, "ಅದೇನೋ ಹೆಸ್ರು ಕೂಗ್ತಿದ್ರಲ್ಲ ಮೇಷ್ಟ್ರೇ, ಭಾರಿ ವಿಷದ್ದಾ?" ಎಂದರು.

"ಜೇಡ ಕಣಮ್ಮ," ಎಂದೆ.

"ಬರೀ ಜೇಡವಾ! ಅದ್ಕೆ ಇಷ್ಟು ರಂಪಾನಾ?" ಎಂದು ಅವರು ದೊಣ್ಣೆ ಎಸೆದು ಮನೆಗೆ ಹೋದರು. ಉಳಿದವರೂ ಕರಗಿದರು.

ಭಾವ ಬಕೆಟ್ಟಿನಡಿ ರಟ್ಟು ತೂರಿಸಿ, ತೋಟದಾಚೆಯ ಹುಣಸೆಮರದ ಬುಡಕ್ಕೆ ಒಯ್ದು ಬಿಟ್ಟರು. ಜೇಡ ಕ್ಷಣಕಾಲ ನಮ್ಮತ್ತ ತಿರುಗಿ ನಿಂತಿತು. ಆಮೇಲೆ ಸರಸರನೆ ಹತ್ತಿ ಪೊಟರೆಯೊಳಗೆ ಮರೆಯಾಯಿತು. ಅದರ ಮಾತಿನಲ್ಲಿ ನಮಗೂ ಒಂದು ಹೆಸರಿದ್ದೀತು. ಒಳ್ಳೆಯದಂತೂ ಆಗಿರಲಾರದು.