ಕೆಮ್ಮಜ್ಜಿಗೆ ಇಟ್ಟ ಕುಂಕುಮ

ಎಣ್ಣೆ ಒರೆಸಿದ ನೂಲಿನ ಚಿಂದಿಯ ವಾಸನೆ ಮೂಗಿಗೆ ಬಡಿದರೆ ಈ ವಯಸ್ಸಿನಲ್ಲೂ ನಾನು ತಲೆ ತಗ್ಗಿಸುತ್ತೇನೆ. ಅಪ್ಪನ ಮೈಯಲ್ಲಿ ಮೊದಲು ಇದ್ದದ್ದು ಕಲ್ಲಿದ್ದಲ ವಾಸನೆ. ಈ ಎಣ್ಣೆಯದು ಆಮೇಲಿನದು, ನಾನೇ ತಂದದ್ದು. ಅಪ್ಪ ಕೋಲಾರದ ಚಿಕ್ಕ ರೈಲಿನ ಡ್ರೈವರ್. ಹುಣಸೆಹಣ್ಣು, ಬೆಲ್ಲ, ರಾಗಿ ಮೂಟೆ ತುಂಬಿದ ಗೂಡ್ಸನ್ನು ಶ್ರೀನಿವಾಸಪುರದ ಕಡೆಯಿಂದ ಎಳೆದು ತರುತ್ತಿದ್ದರು. ಆಗ ಒಬ್ಬೊಬ್ಬ ಡ್ರೈವರಿಗೆ ಒಂದೊಂದು ಇಂಜಿನ್. ಆಯುಧಪೂಜೆಯ ದಿನ ಅವರವರ ಮನೆಯವರೇ ಶೆಡ್ಡಿಗೆ ಹೋಗಿ ತಮ್ಮ ಇಂಜಿನ್ನಿಗೆ ಕುಂಕುಮ ಇಟ್ಟು ಬೂದುಗುಂಬಳಕಾಯಿ ಒಡೆಯುತ್ತಿದ್ದರು. ನಮ್ಮದು ಎಲ್ಲಕ್ಕಿಂತ ಹಳೆಯದು, ದಿಬ್ಬ ಬಂದರೆ ಕೆಮ್ಮುತ್ತಿತ್ತು. ಸ್ಕೂಲಿನ ಹುಡುಗಿಯರು ಅದಕ್ಕೆ ಕೆಮ್ಮಜ್ಜಿ ಎಂದು ಹೆಸರಿಟ್ಟು, ನನ್ನನ್ನು ಕಂಡರೆ ಕೆಮ್ಮುತ್ತಿದ್ದರು. ನಾಚಿಕೆಯಿಂದ ಸಾಯುತ್ತಿದ್ದೆ. ಆ ನಾಚಿಕೆಯನ್ನು ನೆನೆದು ಈಗ ನಾಚುತ್ತೇನೆ.

ಯುದ್ಧದ ಕಾಲದಲ್ಲಿ ಬೇರೆ ಲೈನಿನಿಂದ ಎರಡು ದೊಡ್ಡ ಇಂಜಿನ್‌ಗಳು ಬಂದವು, ಹಿತ್ತಾಳೆಯೆಲ್ಲ ಥಳಥಳ. ಉಳಿದ ಡ್ರೈವರುಗಳು ನನಗೆ ತನಗೆ ಎಂದು ಮುಗಿಬಿದ್ದರು. ಹಿರಿಯರೆಂದು ಮೊದಲು ಅಪ್ಪನನ್ನೇ ಕೇಳಿದರೆ ಅವರು ಬೇಡವೆಂದುಬಿಟ್ಟರು. ಕಾರಣ ಮನೆಯಲ್ಲಿ ನಮಗೆ ಗೊತ್ತಿತ್ತು. ದೂರದ ಸಿಗ್ನಲ್ಲಿನ ಕೈಕಂಬ ಅವರಿಗೆ ಸೊಗಸಾಗಿ ಕಾಣುತ್ತಿತ್ತು, ಹತ್ತಿರದ್ದೆಲ್ಲ ಮಸುಕು. ಉಗಿ ಎಷ್ಟಿದೆಯೆಂದು ತೋರಿಸುವ ಮುಳ್ಳನ್ನು ನೋಡದೆ, ಕೆಮ್ಮಜ್ಜಿಯ ಸದ್ದು ಕೇಳಿಯೇ ತಿಳಿಯುತ್ತಿದ್ದರು. ಹೊಸದರ ಸದ್ದಿನ ಗುಟ್ಟು ಅವರಿಗೆ ಗೊತ್ತಿರಲಿಲ್ಲ.

ಆ ವರ್ಷದ ಪೂಜೆಯ ದಿನ ಅಪ್ಪ ನೀರು ತರಲು ಹೋಗಿದ್ದಾಗ ಶೆಡ್ಡಿನ ಫೋರ್‌ಮನ್ನರು ನನ್ನ ಹತ್ತಿರ ಬಂದರು. "ಏನಮ್ಮಾ, ಹೊಸಾದು ಕೊಡ್ತೀನಂದ್ರೂ ನಿಮ್ಮಪ್ಪ ಯಾಕೆ ಬೇಡ ಅಂತಾನೆ?" ಎಂದರು. ಥಳಥಳಿಸುವ ಇಂಜಿನ್ನಿನ ಮೇಲೆ ಅಪ್ಪನನ್ನು ಹುಡುಗಿಯರೆಲ್ಲ ನೋಡಬೇಕೆಂಬ ಆಸೆ ನನಗೆ.

"ಅಪ್ಪಂಗೆ ಮುಳ್ಳು ಕಾಣ್ಸಲ್ಲ ಸಾರ್. ಅಂಕಿ ದೊಡ್ಡದಾಗಿ ಬರೆಸ್ಕೊಡಿ, ಓಡಿಸ್ತಾರೆ" ಎಂದೆ.

ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ವಾರದೊಳಗೆ ಕಣ್ಣಿನ ಪರೀಕ್ಷೆಯಾಯಿತು. ಅಪ್ಪನನ್ನು ಇಂಜಿನ್ನಿನಿಂದ ಇಳಿಸಿ, ಶೆಡ್ಡಿನಲ್ಲಿ ಬೇರೆಯವರ ಇಂಜಿನ್ ಒರೆಸುವ ಕೆಲಸಕ್ಕೆ ಹಾಕಿದರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಎಂದು ಅಮ್ಮ ಒಂದೇ ಸಲ ಅಂದಳು. ಅಪ್ಪ ಎಣ್ಣೆಯ ಕೈ ತೊಳೆದು ನನ್ನ ಪಕ್ಕದಲ್ಲೇ ಕೂತು ಮುದ್ದೆ ಉಣ್ಣುತ್ತಿದ್ದರು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುವರ್ಷದ ಪೂಜೆಗೆ ಕೆಮ್ಮಜ್ಜಿ ಹುಲ್ಲು ಬೆಳೆದ ಹಳಿಯ ಮೇಲೆ ನಿಂತಿತ್ತು, ಗುಜರಿಗೆಂದು ಒಡೆಯುವವರಿಗಾಗಿ ಕಾಯುತ್ತ. ಡ್ರೈವರೇ ಇಲ್ಲದ ಇಂಜಿನ್ನಿಗೆ ಪೂಜೆ ಯಾರು ಮಾಡುತ್ತಾರೆ? ಅಪ್ಪ ಕುಂಬಳಕಾಯಿ ಹಿಡಿದು ನನ್ನನ್ನು ಕರೆದುಕೊಂಡು ಹೋದರು. ಶೆಡ್ಡಿನವರೆಲ್ಲ ನೋಡುತ್ತಿದ್ದರು. ಕುಂಕುಮದ ಬಟ್ಟಲನ್ನು ನನ್ನ ಕೈಗಿಟ್ಟು, ಇಷ್ಟು ವರ್ಷ ಶೆಡ್ಡಿನವರಿಗೆ ಗೊತ್ತಾಗದಂತೆ ತಾವು ಮುಚ್ಚಿಟ್ಟಿದ್ದ ಮಾತನ್ನು ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು.

"ನೀನೇ ಇಡು ಪಾಪಾ. ನಂಗೆ ಹತ್ರದ್ದು ಕಾಣ್ಸಲ್ಲ ಕಣಮ್ಮಾ."

ತಣ್ಣಗಿದ್ದ ಕಬ್ಬಿಣದ ಮೇಲೆ ಇಟ್ಟೆ. ಬೊಟ್ಟು ಸೊಟ್ಟಗಾಯಿತು.

"ಸರಿಯಾಗಿ ಬಂತಾ?" ಎಂದರು.

"ಸರಿಯಾಗಿದೆ ಅಪ್ಪಾ" ಎಂದೆ.